‘ಏತಸೇತುವೆ’ ಎಂಬ ಪದ ಸರಿಯೇ? ದೋಣಿಗೆ ದಾರಿ ಬಿಡುವ ಕಾಲುಸೇತುವೆಗಳ ಹೆಸರುಗಳು

ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ಮೀಸಲಾದ, ದೋಣಿ ಬಂದಾಗ ಎದ್ದೋ ಸರಿದೋ ದಾರಿ ಬಿಡುವ ನಗರ ಸೇತುವೆಗಳ ವಿನ್ಯಾಸವನ್ನು ಕುರಿತು ಬರೆಯುತ್ತಿರುವಾಗ ಕೆಲವು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ. ‘ಚಲಿಸುವ ಸೇತುವೆ’ ಎಂದರೆ ಸೇತುವೆಯೇ ಊರು ಬಿಟ್ಟು ಹೊರಟಂತೆ ಕೇಳಿಸುತ್ತದೆ. ‘ತೆರೆಯುವ ಸೇತುವೆ’ ವಾಸಿ. ಆದರೆ ‘ಸೇತುವೆ ತೆರೆದಿದೆ’ ಎಂಬ ಫಲಕವನ್ನು ದೋಣಿಯವನು ಹೋಗಬಹುದೆಂದು ಓದಿದರೆ, ಸೈಕಲ್ಲಿನವನೂ ಹಾಗೆಯೇ ಓದಿಕೊಳ್ಳುತ್ತಾನೆ. ಆದ್ದರಿಂದ ಫಲಕದಲ್ಲಿ ‘ನಿಲ್ಲಿ’, ‘ದಾಟಿ’ ಎಂಬ ಮಾತುಗಳಷ್ಟೇ ಇರಬೇಕೆಂಬುದು ನನ್ನ ಅಭಿಪ್ರಾಯ.

ಮುಖ್ಯ ತೊಡಕು ‘ಬ್ಯಾಸ್ಕ್ಯೂಲ್’ ಪದದ್ದು. ಹಾಸು, ಎಂದರೆ ಜನ ದಾಟುವ ಮೇಲ್ಮೈ, ಒಂದು ಬದಿಯ ಕೀಲಿನ ಮೇಲೆ ಓರೆಯಾಗಿ ಮೇಲೇಳುವ ಸೇತುವೆಗೆ ಈ ಹೆಸರು. ಫ್ರೆಂಚಿನಲ್ಲಿ ಇದಕ್ಕೆ ಮಕ್ಕಳ ಏರಿಳಿವ ಹಲಗೆ, ತಕ್ಕಡಿ ಎಂಬ ಅರ್ಥಗಳಿವೆ. 1894ರಲ್ಲಿ ತೆರೆದ ಲಂಡನ್ನಿನ ಟವರ್ ಬ್ರಿಜ್‌ನಲ್ಲಿರುವಂತೆ, ಹಾಸಿನ ಹಿಂತುದಿಗೆ ಭಾರ ಕೂಡಿಸಿ ತೂಕ ಸರಿದೂಗಿಸಿರುವುದರಿಂದ, ಯಂತ್ರವು ಇಡೀ ಹಾಸಿನ ಭಾರವನ್ನು ಹೊರಬೇಕಾಗಿಲ್ಲ. ತಿಕ್ಕಾಟವನ್ನೂ ಗಾಳಿಯ ಒತ್ತಡವನ್ನೂ ಮೀರಿದರೆ ಬಹುಮಟ್ಟಿಗೆ ಸಾಕು. ಒಂದು ತುದಿಗೆ ಬಾನಿ, ಇನ್ನೊಂದು ತುದಿಗೆ ಕಲ್ಲು ಕಟ್ಟಿದ ನಮ್ಮ ಏತದ ತತ್ವವೂ ಇದೇ ಆದ್ದರಿಂದ ‘ಏತಸೇತುವೆ’ ಎಂದು ಬರೆದೆ. ಅದರ ಹಾಸುಗಳಿಗೆ ಬಾಗಿಲಿನಿಂದ ‘ಒಂಟಿಕದ’, ‘ಜೋಡಿಕದ’ ಎಂಬ ಮಾತುಗಳನ್ನು ತಂದುಕೊಂಡೆ. ಆದರೆ ‘ಏತ ನೀರಾವರಿ’ ಬಳಕೆಗೆ ಬಂದ ಮೇಲೆ ‘ಏತ’ ಎಂದರೆ ಬರಿಯ ‘ಮೇಲೆತ್ತುವುದು’ ಎಂದಾಗಿ, ಸರಿದೂಗುವ ಭಾರದ ನೆನಪು ಅಳಿಸುತ್ತಿದೆ. ಹಾಗಾದರೆ ಓದುಗರು ಇದನ್ನು, ಹಾಸು ಮಟ್ಟಸವಾಗಿಯೇ ಮೇಲೇರುವ ‘ಎತ್ತುಸೇತುವೆ’ಯೊಂದಿಗೆ ಬೆರೆಸಿಕೊಳ್ಳುವರೇ?

ಕೀಲಿನ ಮೇಲೆ ಅಡ್ಡಡ್ಡ ತಿರುಗುವುದಕ್ಕೆ ‘ತಿರುಗುಸೇತುವೆ’ ಸಾಕು. ಲಂಡನ್ನಿನ ಪ್ಯಾಡಿಂಗ್ಟನ್ನಿನಲ್ಲಿ, ಎಂಟು ತುಂಡುಗಳು ಮಡಚಿ ಅಷ್ಟಕೋನವಾಗುವ 12 ಮೀಟರ್ ಉದ್ದದ ಕಾಲುಸೇತುವೆ ‘ಸುರುಳಿಸೇತುವೆ’ಯೇ ಸರಿ, ಅದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲ.

ಕೊನೆಯದು ಇಂಗ್ಲೆಂಡಿನ ಟೈನ್ ನದಿಯ ಮೇಲಿನ ಗೇಟ್ಸ್‌ಹೆಡ್ ಮಿಲೆನಿಯಂ ಸೇತುವೆ. 2001ರಲ್ಲಿ ಜನರಿಗೆ ತೆರೆದ ಇದರ ಬಾಗಿದ ಹಾಸೂ ಕಮಾನೂ ಒಂದೇ ಜೋಡಣೆಯಾಗಿ, ಎರಡು ದಡಗಳ ಕೀಲುಗಳ ಮೇಲೆ ಸುಮಾರು 40 ಡಿಗ್ರಿ ತಿರುಗುತ್ತವೆ. ಹಾಸು ಏರಿದಷ್ಟೂ ಕಮಾನು ಇಳಿಯುತ್ತದೆ, ರೆಪ್ಪೆ ಎತ್ತಿದ ಹಾಗೆ. ಇದಕ್ಕೆ ‘ವಾಲು’ ಎಂದರೆ ಬೀಳಲಿರುವ ಗೋಡೆಯ ನೆನಪಾಗುತ್ತದೆ. ‘ಮಗುಚು’ ಮುಳುಗುವ ದೋಣಿಯದು. ಮಲಗಿದವರು ಮಗ್ಗುಲು ಬದಲಿಸುವಾಗಿನ ‘ಹೊರಳು’ ನನಗೆ ಹಿಡಿಸಿದೆ, ಆದರೆ ‘ಹೊರಳುಸೇತುವೆ’ ಎಂದಾಗ ಅದು ನೆಲದ ಮೇಲೆ ಉರುಳುವಂತೆ ತೋರುವುದೇ ಎಂಬ ಅಳುಕಿದೆ. ಇದಕ್ಕಿಂತ ಒಪ್ಪುವ ಕ್ರಿಯಾಪದವಿದ್ದರೆ, ಬಳಕೆಯ ಒಂದು ವಾಕ್ಯದೊಡನೆ ತಿಳಿಸಬೇಕಾಗಿ ಕೋರುತ್ತೇನೆ.