ಹಳೇ ಎಲೆಕ್ಟೋನ್ ಆರ್ಗನ್: ಲಿವರ್ ಮುಟ್ಟಿದರೆ ಕರಕರ, ಸ್ಪ್ರೇ ಹೊಡೆದ ಮೇಲೆ ಇನ್ನೂ ಜಾಸ್ತಿ

ಕೀಲಿಮಣೆ_ಮಲ್ಲೇಶ್ವರಂ

ಎಲ್ಲರಿಗೂ ನಮಸ್ಕಾರ. ಫ್ರೇಜರ್ ಟೌನ್ ಕಡೆಯ ಒಂದು ಚರ್ಚ್‌ನಲ್ಲಿ ಹೊಸ ಡಿಜಿಟಲ್ ಕೀಬೋರ್ಡ್ ಬಂದ ಮೇಲೆ ಮೂಲೆ ಸೇರಿದ್ದ ಯಮಹಾ ಎಲೆಕ್ಟೋನ್ ಆರ್ಗನ್ ಒಂದನ್ನು ಮನೆಗೆ ತಂದಿದ್ದೇನೆ. 1970ರ ದಶಕದ್ದು. ಎರಡು ಸಾಲು ಕೀ, ಕಾಲಿಗೆ 13 ಪೆಡಲ್, ಒಳಗೆಲ್ಲಾ ಟ್ರಾನ್ಸಿಸ್ಟರ್. ಮಹಡಿ ಹತ್ತಿಸೋಕೆ ನಾಲ್ಕು ಜನ ಬೇಕಾಯಿತು. ಮನೆಯಲ್ಲಿ ಇನ್ನೂ ಬೈಯುತ್ತಿದ್ದಾರೆ.

ದನಿ ಬರುತ್ತದೆ, ಸೊಗಸಾಗಿಯೇ ಇದೆ. ಆದರೆ 16 ಅಡಿ, 8 ಅಡಿ, 4 ಅಡಿ (ಪೈಪ್ ಆರ್ಗನ್ ಕೊಳವೆಯ ಲೆಕ್ಕ, ಅಡಿ ಹೆಚ್ಚಿದಷ್ಟೂ ಸ್ವರ ತಗ್ಗು) ಎಂದು ಬರೆದಿರುವ ಟೋನ್ ಲಿವರ್‌ಗಳನ್ನು ಸರಿಸಿದರೆ ಕರಕರ. ವಾಲ್ಯೂಮ್ ತಿರುಗಿಸಿದರೆ ಬಟ್ಟೆ ಹರಿದ ಹಾಗೆ ಸದ್ದು. ಮೇಲಿನ ಸಾಲಿನ ಐದಾರು ಕೀಗಳನ್ನು ಎರಡು ಮೂರು ಸಲ ಒತ್ತಿದರೆ ಮಾತ್ರ ಉಲಿಯುತ್ತವೆ.

ಹಾರ್ಡ್‌ವೇರ್ ಅಂಗಡಿಯಿಂದ ತುಕ್ಕು ಬಿಡಿಸುವ ಸ್ಪ್ರೇ ತಂದು ಲಿವರ್ ಸಂದಿಗಳಿಗೆಲ್ಲ ಹೊಡೆದೆ. ಎರಡು ದಿನ ಸ್ವರ್ಗ. ಆಮೇಲೆ ಮೊದಲಿಗಿಂತ ಜಾಸ್ತಿ ಕರಕರ, ಎರಡು ಲಿವರ್ ಅಂಟಂಟಾಗಿ ಬಿಗಿಯಾಗಿವೆ. ರಿಪೇರಿಗೆ ಬಂದವರೊಬ್ಬರು ಒಳಗಿನದೆಲ್ಲ ಕಿತ್ತು ಹೊಸ ಬೋರ್ಡ್ ಹಾಕೋಣ ಅಂದರು. ನನಗೆ ಮನಸ್ಸಿಲ್ಲ. ಏನು ಮಾಡಲಿ?

ಬಜಾರ್_ಬೆಸುಗೆ

ಎಲ್ಲಾ ಪಾಟ್ (ಲಿವರ್, ವಾಲ್ಯೂಮ್ ಹಿಂದಿರುವ, ದನಿ ಏರಿಸಿ ಇಳಿಸುವ ರೆಸಿಸ್ಟರ್) ಬದಲಾಯಿಸಿಬಿಡಿ ಗುರೂ. ಎಸ್‌ಪಿ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗದ ಪಾಟ್ ಇದೆಯಾ? ಒಂದು ಭಾನುವಾರದ ಕೆಲಸ. ಒಂದೇ ಮಾತು, ಅಂಗಡಿಗಳು ಭಾನುವಾರ ಅರ್ಧಕ್ಕರ್ಧ ಮುಚ್ಚಿರುತ್ತವೆ, ಶನಿವಾರವೇ ಹೋಗಿ.

ಹಳೇ_ರಿಲೇ

ದಯವಿಟ್ಟು ಬೇಡ. ತಿರುಗಿಸುವ ಪಾಟ್ ಸಿಗಬಹುದು. ಆ ಲಿವರ್ ಜಾರುವ ಉದ್ದ, ತೂತಿನ ಅಂತರ, ಕಡ್ಡಿಯ ಆಕಾರ ಮೂರೂ ಹೊಂದುವ ಹೊಸ ಸ್ಲೈಡರ್ ಹುಡುಕುತ್ತಾ ಹೋದರೆ ವರ್ಷ ಕಳೆಯುತ್ತದೆ. ಇರುವುದನ್ನು ಉಳಿಸಿಕೊಳ್ಳುವುದೇ ಜಾಣತನ.

ಮೊದಲು ಒಂದು ಮಾತು. ಸ್ಪ್ರೇ ಕೈಗೆ ತೆಗೆದುಕೊಳ್ಳುವ ಮೊದಲು ಕಿವಿ ಕೊಡಿ. ಕರಕರ ಎಲ್ಲಾ ಒಂದೇ ಜಾತಿಯದಲ್ಲ. ಲಿವರನ್ನು ನಿಧಾನವಾಗಿ ಸರಿಸಿದಾಗ ಪ್ರತಿ ಸಲವೂ ಅದೇ ಜಾಗದಲ್ಲಿ ಗರ್ ಅಂದರೆ ಅಲ್ಲಿ ಕೊಳೆ ಇದೆ, ಇಲ್ಲವೇ ಪಾಟಿನೊಳಗಿನ ಕಾರ್ಬನ್ ಪಟ್ಟಿ ಸವೆದಿದೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ಬಟ್ಟೆ ಹರಿದ ಹಾಗೆ ಕೇಳಿದರೆ ಕೊಳೆಯನ್ನು ಬೈಯಬೇಡಿ, ಬಹಳ ಸಲ ಆ ಪಾಟ್‌ಗೆ ಬರಬಾರದ ಡಿಸಿ ಕರೆಂಟ್ ಬರುತ್ತಿರುತ್ತದೆ. ಏನೂ ಮುಟ್ಟದೇ ಸುಮ್ನೆ ಕೂತಾಗಲೂ ಚಟಪಟ ಅಂದರೆ ಬೆಸುಗೆಯೋ ಟ್ರಾನ್ಸಿಸ್ಟರೋ ಕೆಟ್ಟಿದೆ. ನಿಮ್ಮ ವಾಲ್ಯೂಮ್ ಬಗ್ಗೆ ನೀವೇ "ಬಟ್ಟೆ ಹರಿದ ಹಾಗೆ" ಅಂದಿದ್ದೀರಿ. ಅಲ್ಲಿಗೆ ಎಷ್ಟು ಡಬ್ಬಿ ಸ್ಪ್ರೇ ಸುರಿದರೂ ಪ್ರಯೋಜನ ಇಲ್ಲ.

ಮಲ್ಟಿಮೀಟರ್ ಇದೆಯಾ? ಹಿಂದಿನ ಹಲಗೆ ತೆಗೆಯುವ ಮೊದಲು ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ, ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ನಿಂತಿರುತ್ತದೆ. ಹಾಗೇ ಹಿಂದಿನ ತಗಡಿನ ಮೇಲೆ ಎಷ್ಟು ವೋಲ್ಟ್ ಎಂದು ಓದಿ. ಜಪಾನಿನ ಮನೆಗಳಿಗೆಂದು ಮಾಡಿದ್ದರೆ 100 ವೋಲ್ಟ್ ಇರುತ್ತದೆ, ನಮ್ಮ 230ಕ್ಕೆ ನೇರವಾಗಿ ಹಾಕಿದರೆ ಹೊಗೆ.

ಆಮೇಲೆ ಆನ್ ಮಾಡಿ, ವಾಲ್ಯೂಮನ್ನು ಅರ್ಧಕ್ಕಿಡಿ. ಮೀಟರನ್ನು ಡಿಸಿ ವೋಲ್ಟ್‌ಗೆ ಹಾಕಿ, ಕಪ್ಪು ಕಡ್ಡಿ ಗ್ರೌಂಡಿಗೆ, ಕೆಂಪು ಕಡ್ಡಿ ಮೊದಲು ಪಾಟಿನ ಮೇಲಿನ ಕಾಲಿಗೆ (ಸಿಗ್ನಲ್ ಒಳಬರುವ ತುದಿ), ಆಮೇಲೆ ನಡುವಿನ ಕಾಲಿಗೆ. ಕೈ ಒಂದೇ ಒಳಗಿರಲಿ, ಮೇನ್ಸ್ ಬರುವ ಮೂಲೆಗೆ ಹೋಗಬೇಡಿ. ಎರಡೂ ಕಡೆ ಸೊನ್ನೆ ಅಥವಾ ಕೆಲವೇ ಮಿಲಿವೋಲ್ಟ್ ಇದ್ದರೆ ಸರಿ. ಮೇಲಿನ ಕಾಲಲ್ಲಿ ಜಾಸ್ತಿ, ನಡುವಿನದರಲ್ಲಿ ಕಡಿಮೆ ಬಂದರೆ ಪಾಟಿಗೆ ಮುಂಚೆ ಇರುವ, ದನಿಯನ್ನು ಬಿಟ್ಟು ಡಿಸಿಯನ್ನು ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ. ಎರಡೂ ಕಡೆ ಒಂದೇ ಅಳತೆ ಬಂದು, ವಾಲ್ಯೂಮ್ ಏರಿಸಿದ ಹಾಗೆ ಅದೂ ಏರಿದರೆ ಪಾಟಿನ ನಂತರದ ಕೆಪಾಸಿಟರ್ ಮೇಲೆ ಅನುಮಾನ. ರಿದಮ್‌ನ ಟೆಂಪೋ ಪಾಟಿನಲ್ಲಿ ವೋಲ್ಟ್ ಕಂಡರೆ ಹೆದರಬೇಡಿ. ಅಂಥವಕ್ಕೆ ಡಿಸಿಯೇ ಊಟ.

ಕೀಲಿಮಣೆ_ಮಲ್ಲೇಶ್ವರಂ

ಸರ್, ತುಂಬಾ ಥ್ಯಾಂಕ್ಸ್. ತಗಡಿನ ಮೇಲೆ 240 ಇದೆ, ಬಚಾವ್. ಅಳೆದೆ. ಮೇಲಿನ ಕಾಲಲ್ಲಿ 0.6 ವೋಲ್ಟ್, ನಡುವಿನದರಲ್ಲಿ 0.2ರ ಹತ್ತಿರ. ಹಾಗಾದರೆ ಮುಂಚಿನ ಕೆಪಾಸಿಟರ್ ಅಲ್ವಾ? ಲಿವರ್‌ಗಳಲ್ಲಿ ಹೆಚ್ಚುಕಡಿಮೆ ಸೊನ್ನೆ.

ಹಳೇ_ರಿಲೇ

ಸರ್ ಅಲ್ಲ, ಮೇಡಂ. ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಸ್ಟ್ರೋಜರ್ ಎಂಬ ಹಳೇ ಟೆಲಿಫೋನ್ ಎಕ್ಸ್‌ಚೇಂಜ್‌ನ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಕೆಲಸ ಮಾಡಿ ರಿಟೈರ್ ಆದವಳು. ಕಾಂಟ್ಯಾಕ್ಟ್ ಕ್ಲೀನ್ ಮಾಡೋದು ನನ್ನ ಕೈಗೆ ಅಂಟಿದ ಚಟ.

ಹೌದು, ಮುಂಚಿನ ಕೆಪಾಸಿಟರೇ. ಅದರ ಮೇಲೆ ಎಷ್ಟು ಮೈಕ್ರೋಫ್ಯಾರಡ್ ಎಂದಿದೆಯೋ ಅಷ್ಟೇ ತನ್ನಿ. ವೋಲ್ಟೇಜ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ಕಡಿಮೆ ಬೇಡ. ಪ್ಲಸ್ ಮೈನಸ್ ಯಾವ ಕಡೆ ಇತ್ತು ಎಂದು ಕೀಳುವ ಮೊದಲೇ ಫೋಟೋ ತೆಗೆದುಕೊಳ್ಳಿ. ಚಿಲ್ಲರೆ ಕಾಸಿನ ಸಾಮಾನು, ಎರಡು ಜಾಸ್ತಿಯೇ ಕೊಂಡುಕೊಳ್ಳಿ.

ಈಗ ಲಿವರ್. ನೀವು ಹೊಡೆದದ್ದು ಎಣ್ಣೆ. ಮೊದಲ ಎರಡು ದಿನ ಕೊಳೆಯನ್ನು ತೇಲಿಸಿತು, ಆಮೇಲೆ ಹಗುರವಾದ ಭಾಗ ಆರಿ ಹೋಯಿತು, ಉಳಿದ ಜಿಡ್ಡಿಗೆ ನಮ್ಮೂರಿನ ಧೂಳೆಲ್ಲ ಬಂದು ಕೂತಿತು. ಮನೆ ಮುಂದೆ ರಸ್ತೆ ಅಗೆದಿದ್ದರಂತೂ ಕೇಳಲೇಬೇಡಿ. ಆ ಜಿಡ್ಡನ್ನು ತೆಗೆಯದೆ ಬೇರೆ ಏನು ಹಾಕಿದರೂ ದಂಡ.

ಐಸೋಪ್ರೊಪೈಲ್ ಆಲ್ಕೋಹಾಲ್, 99 ಪರ್ಸೆಂಟಿನದು ಬೇಕು. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಬೇಡ, ಅದರಲ್ಲಿ ಬೇರೆ ಏನೇನೋ ಸೇರಿರುತ್ತದೆ. ಸ್ಯಾನಿಟೈಸರ್ ಅಂತೂ ಮುಟ್ಟಲೇಬೇಡಿ, ಗ್ಲಿಸರಿನ್ ಹಾಗೇ ಉಳಿದು ಮತ್ತೆ ಅಂಟು. ಲಿವರ್ ಗುಬ್ಬಿಗಳನ್ನು ಮೊದಲು ಬಿಚ್ಚಿಡಿ. ಅವುಗಳ ಮೇಲಿನ ಅಕ್ಷರ ಆಲ್ಕೋಹಾಲ್ ತಗುಲಿದರೆ ಅಳಿಸಿಹೋಗಬಹುದು, ಹೋದ ಅಕ್ಷರ ಬರೆಯೋರು ಯಾರು? ಪ್ಯಾನೆಲ್ಲನ್ನು ಬಿಚ್ಚಿ ವಾರೆಯಾಗಿ ಇಡಿ, ಕೊಳೆನೀರು ಕೆಳಗೆ ಇಳಿಯಬೇಕು. ಸಿರಿಂಜಿನಲ್ಲಿ ಸ್ವಲ್ಪ ಬಿಟ್ಟು ಇಪ್ಪತ್ತು ಮೂವತ್ತು ಸಲ ತುದಿಯಿಂದ ತುದಿಗೆ ಸರಿಸಿ, ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ ಇದೇ ಕೆಲಸ. ಮೂರು ನಾಲ್ಕು ಸುತ್ತು ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಪೂರ್ತಿ ಆರಿದ ಮೇಲೆ ಮಾತ್ರ ಸ್ಲೈಡರ್‌ಗೆಂದೇ ಬರುವ ಲೂಬ್ರಿಕಂಟ್ ಒಂದು ಚೂರು. ಡಿಯಾಕ್ಸಿಟ್ ಬ್ರ್ಯಾಂಡಿನ ಫೇಡರ್ ಸ್ಪ್ರೇ ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ ಕಾರ್ಬನ್ ಪಟ್ಟಿಗೆ ಏನೂ ಹಾಕದೆ, ಲೋಹದ ಹಳಿಗೆ ಮಾತ್ರ ಸಿಲಿಕೋನ್ ಗ್ರೀಸ್ ಸವರಿ.

ಕೀಗಳ ಕೆಳಗೆ ತೆಳ್ಳನೆಯ ತಂತಿ ಸ್ಪ್ರಿಂಗ್ ಬಂದು ಉದ್ದನೆಯ ಕಂಬಿಗೆ ತಾಗುತ್ತದೆ. ಅಲ್ಲಿ ಕಪ್ಪು ಪೊರೆ ಕೂತಿರುತ್ತದೆ. ಎಮರಿ ಪೇಪರ್ ತಂದು ಉಜ್ಜಬೇಡಿ, ಮೇಲಿನ ಲೇಪ ಹೋದರೆ ಅಷ್ಟೇ ಕತೆ. ದಪ್ಪ ಬಿಳಿ ಕಾಗದದ ಪಟ್ಟಿಯನ್ನು ಆಲ್ಕೋಹಾಲಿನಲ್ಲಿ ನೆನೆಸಿ, ತಂತಿಗೂ ಕಂಬಿಗೂ ನಡುವೆ ಇಟ್ಟು, ಕೀಯನ್ನು ಮೆಲ್ಲಗೆ ಒತ್ತಿ ಹಿಡಿದು ಕಾಗದವನ್ನು ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬೀಳುತ್ತದೆ. ರಿಲೇಗೂ ನಾವು ಹೆಚ್ಚುಕಡಿಮೆ ಇದನ್ನೇ ಮಾಡುತ್ತಿದ್ದೆವು. ತಂತಿ ಬಗ್ಗಿಸುವ ಆಸೆ ಬರುತ್ತದೆ, ಬಗ್ಗಿಸಬೇಡಿ.

ಬಜಾರ್_ಬೆಸುಗೆ

ಮೇಡಂ ಹೇಳಿದ ಮೇಲೆ ನಾನು ನನ್ನ ಮಾತು ವಾಪಸ್ ತಗೊಂಡೆ. 99ರ ಆಲ್ಕೋಹಾಲನ್ನು ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ "ಐಪಿಎ" ಎಂದು ಕೇಳಿ, ಬೇಗ ಅರ್ಥ ಆಗುತ್ತದೆ. ಕಿಟಕಿ ತೆಗೆದಿಟ್ಟು ಕೆಲಸ ಮಾಡಿ, ದೇವರ ದೀಪ ಹತ್ತಿರ ಬೇಡ.

ಇನ್ನೊಂದು ಮಾತು. ಯಾವತ್ತಾದರೂ ತಿರುಗಿಸುವ ಪಾಟ್ ಬದಲಾಯಿಸಲೇಬೇಕಾಗಿ ಬಂದರೆ ಬೆನ್ನ ಮೇಲೆ ಏನು ಬರೆದಿದೆ ನೋಡಿ. ಜಪಾನಿನ ಪಾಟ್‌ಗಳಲ್ಲಿ ಎ ಅಂದರೆ ವಾಲ್ಯೂಮ್‌ಗೆ ಹಾಕುವ ಲಾಗ್ (ಮೊದಲು ನಿಧಾನ, ಆಮೇಲೆ ಜೋರಾಗಿ ಏರುವಂಥದ್ದು), ಬಿ ಅಂದರೆ ಲೀನಿಯರ್ (ಒಂದೇ ಸಮ ಏರುವಂಥದ್ದು). ಎ ಇದ್ದ ಕಡೆ ಬಿ ಹಾಕಿದರೆ ಕೂದಲೆಳೆಯಷ್ಟು ತಿರುಗಿಸಿದರೂ ದನಿ ಧಡ್ ಅಂತ ಮೇಲೇಳುತ್ತದೆ. ಅನುಭವದ ಮಾತು.

ಕೀಲಿಮಣೆ_ಮಲ್ಲೇಶ್ವರಂ

ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ. ಕೆಪಾಸಿಟರ್ ಬದಲಾಯಿಸಿದೆ. ವಾಲ್ಯೂಮ್ ಈಗ ಬೆಣ್ಣೆ. ಸ್ಪ್ರೇ ಹೊಡೆಯದೇನೇ!

ಲಿವರ್‌ಗಳಿಗೆ ನಾಲ್ಕು ಸುತ್ತು ಆಯಿತು. ಹಳೇ ಬನಿಯನ್ ಒಂದು ಪೂರ್ತಿ ಕಪ್ಪಾಯಿತು. ಬಿಗಿಯಾಗಿದ್ದ ಎರಡೂ ಸಲೀಸಾಗಿ ಜಾರುತ್ತಿವೆ. 16 ಅಡಿಯ ಲಿವರ್ ಮಾತ್ರ ಮುಕ್ಕಾಲು ದಾರಿಯಲ್ಲಿ ಒಂದು ಕಡೆ ಟಕ್ ಅನ್ನುತ್ತದೆ.

ಈಗ ಹೊಸ ತಲೆನೋವು. ಕಾಲಿನ ವಾಲ್ಯೂಮ್ ಪೆಡಲ್ ಒತ್ತಿದಾಗ ದನಿ ಒಂದೊಂದು ಸಲ ಪೂರ್ತಿ ಕುಸಿದು ಮತ್ತೆ ಬರುತ್ತದೆ. ಅದಕ್ಕೂ ಆಲ್ಕೋಹಾಲ್ ಹಾಕಲಾ?

ಹಳೇ_ರಿಲೇ

ತಡೀರಿ. ಆ ಕಾಲದ ಹಲವು ಆರ್ಗನ್‌ಗಳ ಪೆಡಲ್‌ನಲ್ಲಿ ಪಾಟ್ ಇರುವುದೇ ಇಲ್ಲ. ಸಣ್ಣ ಬಲ್ಬ್, ಎದುರಿಗೆ ಬೆಳಕು ಬಿದ್ದರೆ ರೆಸಿಸ್ಟೆನ್ಸ್ ಕಡಿಮೆಯಾಗುವ ಸೆಲ್, ನಡುವೆ ಪೆಡಲ್ ಜೊತೆ ಸರಿಯುವ ಮರೆ. ಕೋಣೆ ಕತ್ತಲೆ ಮಾಡಿ ಒಳಗೆ ಇಣುಕಿ. ಬಲ್ಬ್ ಮಿಣುಕುತ್ತಿದ್ದರೆ ಹೋಲ್ಡರ್ ಸಡಿಲ, ಅಥವಾ ಬಲ್ಬ್‌ನ ಬುಡಕ್ಕೆ ತುಕ್ಕು. ಬಿಚ್ಚಿ, ಪೆನ್ಸಿಲ್ ರಬ್ಬರಿನಲ್ಲಿ ಬುಡವನ್ನು ಉಜ್ಜಿ ಮತ್ತೆ ಹಾಕಿ.

16 ಅಡಿಯ ಆ ಜಾಗ ಸವೆದಿದೆ. ಕಾರ್ಬನ್ ಹೋದ ಮೇಲೆ ಯಾವ ಔಷಧಿಯೂ ಇಲ್ಲ. ಅಷ್ಟು ವರ್ಷ ಚರ್ಚ್‌ನಲ್ಲಿ ಆ ಲಿವರನ್ನು ಅದೇ ಜಾಗದಲ್ಲಿ ಇಟ್ಟುಕೊಂಡು ನುಡಿಸಿದ್ದಾರೆ ಅನ್ನಿಸುತ್ತದೆ. ನೀವು ಸ್ವಲ್ಪ ಮೇಲೋ ಕೆಳಗೋ ಇಟ್ಟುಕೊಳ್ಳಿ.

ಕೀಲಿಮಣೆ_ಮಲ್ಲೇಶ್ವರಂ

ಬಲ್ಬೇ ಮೇಡಂ! ಬುಡದಲ್ಲಿ ಹಸಿರು ತುಕ್ಕು. ರಬ್ಬರಿನಲ್ಲಿ ಉಜ್ಜಿದೆ, ಸರಿಹೋಯಿತು.

ಕೀಗಳೂ ಒಂದು ಬಿಟ್ಟು ಎಲ್ಲಾ ಉಲಿಯುತ್ತಿವೆ. ಆ ಒಂದರ ಕೆಳಗೆ ಕಾಗದ ತೂರಿಸಲು ಹೋದರೆ ಏನೋ ಅಡ್ಡ ಬಂತು. ಚಿಮಟದಲ್ಲಿ ಎಳೆದೆ. 25 ಪೈಸೆ ನಾಣ್ಯ.