ಸ್ಟ್ರೈಕರ್‌ಗೆ ಏಳು ದಿನದ ನೋಟಿಸ್ ಬಂದಿದೆ, ಉಳಿಸಿಕೊಳ್ಳೋದು ಹೇಗೆ? (ಇಂಗ್ಲೆಂಡ್ ಫುಟ್‌ಬಾಲ್, ಎಂಟನೇ ಹಂತ)

ಗೇಟ್‌ಕೌಂಟರ್:
ಸಣ್ಣೂರಿನ ಕ್ಲಬ್, ನಾನ್-ಲೀಗ್ (ಮೇಲಿನ ನಾಲ್ಕು ಡಿವಿಷನ್‌ಗಳ ಕೆಳಗಿನ ಫುಟ್‌ಬಾಲ್) ಲೆಕ್ಕದಲ್ಲಿ ಸ್ಟೆಪ್ 4. ಆಟಗಾರರೆಲ್ಲ ನಾನ್-ಕಾಂಟ್ರ್ಯಾಕ್ಟ್, ಅಂದ್ರೆ ಇಷ್ಟು ಅವಧಿ ಅಂತ ಕರಾರಿಲ್ಲದವರು. ಪಕ್ಕದೂರಿನವರು ನಮ್ಮ ಸ್ಟ್ರೈಕರ್‌ಗೆ ಏಳು ದಿನದ ನೋಟಿಸ್ (ಅವನನ್ನ ಕರೆದುಕೊಳ್ಳೋಕೆ ಮಾತಾಡ್ತೀವಿ ಅನ್ನೋ ಮುನ್ಸೂಚನೆ) ಕಳಿಸಿದ್ದಾರೆ. ಟ್ರಾನ್ಸ್‌ಫರ್ ಹಣ ಅಂತ ಏನೂ ಕೇಳೋ ಹಾಗಿಲ್ವಾ? ಮ್ಯಾನೇಜರ್ ನೋಡಿದ್ರೆ ಹನ್ನೊಂದು ಜನಕ್ಕೂ ಕಾಂಟ್ರ್ಯಾಕ್ಟ್ ಕೊಡಿ ಅಂತಿದ್ದಾರೆ.

ಮೂಲೆಬಾವುಟ:
ಕೇಳೋ ಹಾಗಿಲ್ಲ ಸರ್. ನಾನ್-ಕಾಂಟ್ರ್ಯಾಕ್ಟ್ ಅಂದ್ರೆ ಅದೇ, ಕಾಂಟ್ರ್ಯಾಕ್ಟ್ ಇದ್ರೆ ಮಾತ್ರ ಹಣ ಕೇಳಬಹುದು.

ಮೊದಲು ನೋಟಿಸ್ ಯಾರಿಗೆ ಬಂದಿದೆ ನೋಡಿ. ಅದು ಬರಹದಲ್ಲಿ, ಕ್ಲಬ್ ಸೆಕ್ರೆಟರಿಗೆ ಬರಬೇಕು. ಮ್ಯಾನೇಜರ್ ಮೊಬೈಲಿಗೆ ಬಂದ ವಾಟ್ಸಾಪ್ ಮೆಸೇಜು ನೋಟಿಸ್ ಅಲ್ಲ. ಸೆಕ್ರೆಟರಿಗೇ ಬಂದಿದ್ರೆ ದಿನ, ಗಂಟೆ ಬರೆದಿಟ್ಟುಕೊಂಡು, ತಲುಪಿದೆ ಅಂತ ಉತ್ತರ ಕೊಡಿ. ಏಳು ದಿನ ಕಳೆಯೋವರೆಗೆ ಅವನ ಹೆಸರು ಆ ಕಡೆ ನೋಂದಣಿ ಆಗಲ್ಲ, ನಿಮ್ಮ ಕಡೆ ಆಡಬಹುದು. ಆ ಶನಿವಾರ ಕೋಪಕ್ಕೆ ಅವನನ್ನ ಬೆಂಚಿನಲ್ಲಿ ಕೂರಿಸೋದು ದಡ್ಡತನ.

ಕಾಂಟ್ರ್ಯಾಕ್ಟ್ ಕೊಡೋದಾದ್ರೂ ಈ ಏಳು ದಿನದಲ್ಲೇ. ಸಹಿ ಆದ್ಮೇಲೆ ಕಾಗದ ಕ್ಲಬ್ ಡ್ರಾಯರ್‌ನಲ್ಲೇ ಉಳಿದ್ರೆ ಉಪಯೋಗವಿಲ್ಲ, ನೋಂದಣಿ ಆಗಬೇಕು.

ಎಫ್‌ಎ ಕಪ್‌ನಲ್ಲಿ ಈ ಸೀಸನ್ ನಿಮ್ಮ ಪರ ಆಡಿದ್ದಾನಾ? ಹಿಂದೆ ಹಾಗೆ ಆಡಿದವನು ಅದೇ ಸೀಸನ್ ಕಪ್‌ನಲ್ಲಿ ಬೇರೆ ಕ್ಲಬ್ ಪರ ಆಡೋ ಹಾಗಿರಲಿಲ್ಲ, ಈಗಿನ ನಿಯಮ ನೋಡಿಕೊಳ್ಳಿ. ಆ ತಡೆ ಈಗಲೂ ಇದ್ದು, ಅವರಿನ್ನೂ ಕಪ್‌ನಲ್ಲಿ ಉಳಿದಿದ್ರೆ ಉತ್ಸಾಹ ಸ್ವಲ್ಪ ಇಳಿಯುತ್ತೆ.

ಲೆಕ್ಕಪುಸ್ತಕ:
ಹನ್ನೊಂದು ಜನಕ್ಕಂತೂ ಬೇಡ ಮಾರಾಯ್ರೆ! ಲೆಕ್ಕ ಹಾಕಿ. ಉದಾಹರಣೆಗೆ 18 ಆಟಗಾರರು, ಸರಾಸರಿ 100 ಪೌಂಡ್ ಅಂದ್ರೆ ವಾರಕ್ಕೆ 1,800. ಗೇಟಿಗೆ 300 ಜನ, ತಲೆಗೆ 10 ಪೌಂಡ್, ಎರಡು ವಾರಕ್ಕೊಂದು ತವರಿನ ಪಂದ್ಯ: ವಾರಕ್ಕೆ 1,500. ಆಟಗಾರರ ಸಂಬಳದಲ್ಲೇ 300 ಕಡಿಮೆ ಬಿತ್ತು, ರೆಫರಿ, ಫ್ಲಡ್‌ಲೈಟ್ ಕರೆಂಟು ಇನ್ನೂ ಸೇರಿಲ್ಲ. ಅದು ಬಾರ್‌ನಿಂದ, ಬೌಂಡರಿ ಬೋರ್ಡಿನ ಜಾಹೀರಾತಿನಿಂದ ಬರಬೇಕು. ಮೈದಾನದಲ್ಲಿ ನೀರು ನಿಂತು ಬೆಳಗ್ಗೆ ಹನ್ನೊಂದಕ್ಕೆ ಪಂದ್ಯ ರದ್ದಾದ್ರೆ ಗೇಟೂ ಇಲ್ಲ, ಬಾರೂ ಇಲ್ಲ, ತರಿಸಿಟ್ಟ ಪೈಗಳನ್ನ ಕಮಿಟಿಯವರೇ ತಿನ್ನಬೇಕು.

ಕಾಂಟ್ರ್ಯಾಕ್ಟ್ ಇದ್ರೆ ಗಾಯವಾದ್ರೂ ಸಂಬಳ ನಿಲ್ಲಲ್ಲ. 150 ಪೌಂಡಿನವನ ಮೊಣಕಾಲಿನ ಲಿಗಮೆಂಟ್ ಹರೀತು ಅಂದ್ರೆ 30 ವಾರಕ್ಕೆ 4,500 ಪೌಂಡ್ ಕುಂತಲ್ಲೇ ಹೋಯ್ತು. ಬೇರೆಯವರು ಕಣ್ಣು ಹಾಕೋ ಮೂರ್ನಾಲ್ಕು ಜನಕ್ಕೆ ಮಾತ್ರ ಕೊಡಿ. ವಯಸ್ಸು 23ರೊಳಗೆ, ಗೋಲು ಹೊಡೆಯೋನು, ಇಲ್ಲಾ ಗೋಲ್‌ಕೀಪರ್. 33ರ ಸೆಂಟರ್‌ಬ್ಯಾಕ್ ಎಷ್ಟೇ ಒಳ್ಳೆಯವನಾದ್ರೂ ಅವನನ್ನ ಹಣ ಕೊಟ್ಟು ಕೊಳ್ಳೋರಿಲ್ಲ.

ಸಣ್ಣ ಕ್ಲಬ್ಬಿನಿಂದ ಇಂಗ್ಲೆಂಡ್ ತಂಡದವರೆಗೆ ಹೋದ ಸ್ಟ್ರೈಕರ್ ಜೇಮೀ ವಾರ್ಡಿಯನ್ನೇ ನೋಡಿ. ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್‌ನಲ್ಲಿ ಶುರುವಿನಲ್ಲಿ ವಾರಕ್ಕೆ 30 ಪೌಂಡ್. 2010ರಲ್ಲಿ ಹ್ಯಾಲಿಫ್ಯಾಕ್ಸ್ ಕೊಟ್ಟಿದ್ದು 15,000 ಅಂತ ಪತ್ರಿಕೆಗಳಲ್ಲಿ ಬಂತು. ಎರಡೇ ವರ್ಷಕ್ಕೆ ಫ್ಲೀಟ್‌ವುಡ್‌ನಿಂದ ಲೆಸ್ಟರ್‌ಗೆ ಹೋದಾಗ ಬೆಲೆ 10 ಲಕ್ಷ ಪೌಂಡ್. ಅದಕ್ಕೇ ಮಾರುವಾಗ, ಮುಂದಿನ ಮಾರಾಟದಲ್ಲಿ ಶೇಕಡಾ ಇಷ್ಟು ನಮಗೆ ಅಂತ ಒಂದು ಸಾಲು ಬರೆಸಿಕೊಳ್ಳೋದು ಮರೀಬೇಡಿ.

ಥ್ರೋಇನ್:
ಇನ್ನೊಂದು ಕಡೆಯೂ ಇದೆ. ಈ ಮಟ್ಟದಲ್ಲಿ ಆಟಗಾರರು ಕ್ಲಬ್ಬಿಗಿಂತ ಮ್ಯಾನೇಜರ್‌ನ ಜನ. ಮಂಗಳವಾರ, ಗುರುವಾರ ಕೆಲಸ ಮುಗಿಸಿ ಒಂದು ಗಂಟೆ ಕಾರು ಓಡಿಸ್ಕೊಂಡು ಟ್ರೈನಿಂಗ್‌ಗೆ ಬರೋದು ಅವನ ಮುಖ ನೋಡಿ. ಅವನು ಜನವರಿಯಲ್ಲಿ ಬಿಟ್ಟುಹೋದ್ರೆ ಹಿಂದೆಯೇ ಆರು ಜನದ ಮೇಲೆ ನೋಟಿಸ್ ಬರುತ್ತೆ. ಹಾಗಾಗಿ ಆಟಗಾರರ ಕಾಂಟ್ರ್ಯಾಕ್ಟ್ ಅವಧಿ ಎಷ್ಟು ಅನ್ನೋದನ್ನ ಕಮಿಟಿ ತೀರ್ಮಾನಿಸಲಿ, ಮ್ಯಾನೇಜರ್ ಕೈಗೆ ಬಿಡಬೇಡಿ.

ಗೇಟ್‌ಕೌಂಟರ್:
ನೋಟಿಸ್ ಸೆಕ್ರೆಟರಿಗೇ ಬಂದಿದೆ, ಸೋಮವಾರ ರಾತ್ರಿ. ಪೆಟ್ರೋಲ್ ಖರ್ಚು ಅಂತ ಕೈಗೆ ಇನ್ನೊಂದು 40 ಪೌಂಡ್ ಸೇರಿಸಿ ಕೊಟ್ರೆ ಹೇಗೆ?

ಲೆಕ್ಕಪುಸ್ತಕ:
ಬೇಡ. ಮನೆಯಿಂದ ತವರಿನ ಮೈದಾನಕ್ಕೆ ಬರೋದು ತೆರಿಗೆ ಇಲಾಖೆ ಲೆಕ್ಕದಲ್ಲಿ ದಿನಾ ಕೆಲಸಕ್ಕೆ ಹೋದ ಹಾಗೆ, ಅದಕ್ಕೆ ಕೊಟ್ಟ ಹಣವೂ ಸಂಬಳವೇ. ಸಂಬಳದ ಚೀಟಿಯಲ್ಲೇ ತೋರಿಸಿ ಕೊಡಿ.