ಒಳಾಂಗಣ ಬ್ಯಾಸ್ಕೆಟ್‌ಬಾಲ್ ಪಂದ್ಯ: ಪ್ರೇಕ್ಷಕರ ಸಾಲಿನಿಂದ ತೆಗೆದ ಚಿತ್ರಗಳು ಮಸುಕು, ಬಣ್ಣವೂ ಒಂದೊಂದರಲ್ಲಿ ಒಂದೊಂದು ಬಗೆ

ನಡುಗಡ್ಡೆ (ಶಿವಮೊಗ್ಗ) ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಳೆಗಾಲದಲ್ಲಿ ಮಂಡಗದ್ದೆಗೆ ಹೋಗಿ, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆಗಳ ಚಿತ್ರ ತೆಗೆಯುವುದು ನನಗೆ ಐದಾರು ವರ್ಷಗಳ ರೂಢಿ. ನನ್ನಲ್ಲಿರುವುದು ಕ್ಯಾನನ್ 80ಡಿ ಕ್ಯಾಮೆರಾ, 55-250 ಮಿ.ಮೀ. ಜೂಮ್ ಲೆನ್ಸ್ ಮತ್ತು 50 ಮಿ.ಮೀ. ಎಫ್/1.8 ಲೆನ್ಸ್ (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು, ಬೆಳಕು ಹೆಚ್ಚು). ಹಾರುವ ಹಕ್ಕಿಯನ್ನು ಹಿಡಿದವನಿಗೆ ಓಡುವ ಆಟಗಾರ ಯಾವ ಲೆಕ್ಕ ಎಂದುಕೊಂಡು, ಕಳೆದ ತಿಂಗಳು ಬೆಂಗಳೂರಿನಲ್ಲಿ ವೃತ್ತಿಪರ ಲೀಗ್ ಪಂದ್ಯವೊಂದನ್ನು ನೋಡಲು ಹೋದಾಗ ಕ್ಯಾಮೆರಾವನ್ನೂ ಒಯ್ದಿದ್ದೆ. ಮನೆಗೆ ಬಂದು ನೋಡಿದರೆ 340 ಚಿತ್ರಗಳಲ್ಲಿ ಯಾರಿಗಾದರೂ ತೋರಿಸಬಹುದಾದವು ಆರೇ ಆರು.

ಮೊದಲರ್ಧದಲ್ಲಿ ಹಕ್ಕಿಗಳಿಗೆ ಇಡುವ ರೂಢಿಯಂತೆ ಐಎಸ್‌ಒವನ್ನು (ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆಯ ಅಳತೆ) 1600ಕ್ಕಿಂತ ಮೇಲೆ ಹೋಗಗೊಡಲಿಲ್ಲ. ಶಟರ್ ವೇಗ 1/250 ಸೆಕೆಂಡಿನ ಆಸುಪಾಸಿನಲ್ಲಿ ನಿಂತು, ಮುಖಗಳು ಸ್ಪಷ್ಟವಾಗಿದ್ದರೂ ಕೈ ಮತ್ತು ಚೆಂಡು ಕದಡಿಹೋದವು. ವಿರಾಮದ ನಂತರ ಐಎಸ್‌ಒ ಏರಿಸಿ 1/1000 ಸೆಕೆಂಡಿನಲ್ಲಿ ತೆಗೆದೆ. ಆಗ ಒಂದೇ ಬರ್ಸ್ಟ್‌ನ (ಗುಂಡಿ ಒತ್ತಿ ಹಿಡಿದು ಒಂದರ ಹಿಂದೊಂದು ತೆಗೆದ) ನಾಲ್ಕು ಚಿತ್ರಗಳಲ್ಲಿ ಒಂದು ಹಳದಿ, ಒಂದು ನಸುಗಪ್ಪು, ಮತ್ತೆರಡು ಸರಿ, ಹೀಗೆ ಬಣ್ಣ ಬದಲಾಯಿಸತೊಡಗಿದವು. ಕ್ಯಾಮೆರಾ ಕೆಟ್ಟಿದೆಯೇ? ಲಕ್ಷ ರೂಪಾಯಿ ದಾಟುವ 70-200 ಎಫ್/2.8 ಲೆನ್ಸ್ ಕೊಳ್ಳದೆ ಈ ಕೆಲಸ ಸಾಧ್ಯವೇ ಇಲ್ಲವೇ? ಯಾವ ಸಾಲಿನಲ್ಲಿ ಕುಳಿತರೆ ಒಳ್ಳೆಯದು ಎಂಬುದನ್ನೂ ತಿಳಿದವರು ಹೇಳಬೇಕು. ಮುಂದಿನ ತಿಂಗಳು ಮತ್ತೊಮ್ಮೆ ಹೋಗುವವನಿದ್ದೇನೆ.

ಅಡಿಕೆ ಚಪ್ಪರ (ಸಾಗರ) ಅವರ ಉತ್ತರ

ಕ್ಯಾಮೆರಾ ಕೆಟ್ಟಿಲ್ಲ. ನೀವು ಎರಡು ಬೇರೆ ಬೇರೆ ತೊಂದರೆಗಳನ್ನು ಒಂದೇ ಎಂದುಕೊಂಡಿದ್ದೀರಿ.

ಮೊದಲನೆಯದು ಬೆಳಕಿನ ಪ್ರಮಾಣ. ಮಂಡಗದ್ದೆಯಲ್ಲಿ ಮೋಡ ಕವಿದ ಮಧ್ಯಾಹ್ನಕ್ಕೆ ಸುಮಾರು ಹತ್ತು ಸಾವಿರ ಲಕ್ಸ್ (ಬೆಳಕಿನ ಅಳತೆಯ ಮಾನ) ಬೆಳಕಿದ್ದರೆ, ಚೆನ್ನಾಗಿ ದೀಪ ಹಾಕಿದ ಒಳಾಂಗಣದಲ್ಲಿ ಸಾವಿರದ ಆಸುಪಾಸು ಇರುತ್ತದೆ, ಜಿಲ್ಲಾ ಮಟ್ಟದ ಸಾಧಾರಣ ಹಾಲ್‌ಗಳಲ್ಲಿ ಅದರ ಕಾಲು ಭಾಗವಿದ್ದರೆ ಪುಣ್ಯ. ಕಣ್ಣು ಬೇಗ ಒಗ್ಗಿಕೊಳ್ಳುವುದರಿಂದ ನಮಗೆ ಈ ಅಂತರ ಗೊತ್ತಾಗುವುದಿಲ್ಲ. ಸಾವಿರ ಲಕ್ಸ್ ಬೆಳಕಿನಲ್ಲಿ ಎಫ್/2.8, 1/1000 ಸೆಕೆಂಡಿಗೆ ಐಎಸ್‌ಒ 2000 ಸಾಕು. ನಿಮ್ಮ ಜೂಮ್ ಲೆನ್ಸ್ ಕೊನೆಯ ತುದಿಯಲ್ಲಿ ಎಫ್/5.6 ಆದ್ದರಿಂದ ಅದಕ್ಕೆ ಸಿಗುವುದು ನಾಲ್ಕನೇ ಒಂದು ಪಾಲು ಬೆಳಕು. ಅಲ್ಲಿಗೆ ಐಎಸ್‌ಒ 8000 ಬೇಕಾಗುತ್ತದೆ. 1/640 ಸೆಕೆಂಡಿಗೆ ಇಳಿದರೆ 5000ದಲ್ಲಿ ಮುಗಿಯುತ್ತದೆ, ಬ್ಯಾಸ್ಕೆಟ್‌ಬಾಲ್‌ನಲ್ಲಿ ಬಹುಪಾಲು ಚಲನೆಯನ್ನು ನಿಲ್ಲಿಸಲು ಅಷ್ಟು ವೇಗ ಸಾಲುತ್ತದೆ. ಐಎಸ್‌ಒ 5000ದಲ್ಲಿ 80ಡಿಯ ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಣುವುದು ನಿಜ. ರವೆಯನ್ನು ಆಮೇಲೆ ತಂತ್ರಾಂಶದಲ್ಲಿ ಸೋಸಿಕೊಳ್ಳಬಹುದು. ಕದಡಿದ ಕೈಯನ್ನು ಸರಿಮಾಡಲಾಗದು. ಹಕ್ಕಿಯ ಗರಿ ಗರಿಯೂ ಕಾಣಬೇಕೆಂದು ಐಎಸ್‌ಒಗೆ ಹೆದರುವ ಚಟವನ್ನು ಕ್ರೀಡಾಂಗಣದ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಿ.

ಎರಡನೆಯದು ದೀಪದ ಮಿಡಿತ. ನಮ್ಮ ವಿದ್ಯುತ್ತು 50 ಹರ್ಟ್ಜ್ ಆದ್ದರಿಂದ ಹಳೆಯ ಮೆಟಲ್ ಹಾಲೈಡ್ ದೀಪಗಳು, ಟ್ಯೂಬ್‌ಲೈಟ್‌ಗಳು ಮತ್ತು ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ, ಅಂದರೆ ಒಂದು ಏರಿಳಿತಕ್ಕೆ 10 ಮಿಲಿಸೆಕೆಂಡ್. ಶಟರ್ 1/100 ಸೆಕೆಂಡು ತೆರೆದಿದ್ದರೆ ಪ್ರತಿ ಚಿತ್ರಕ್ಕೂ ಒಂದು ಪೂರ್ಣ ಏರಿಳಿತ ಸಿಗುವುದರಿಂದ ಎಲ್ಲವೂ ಒಂದೇ ಬಣ್ಣದಲ್ಲಿ ಬರುತ್ತವೆ. 1/1000ದಲ್ಲಿ ಸಿಗುವುದು ಅದರ ಹತ್ತನೇ ಒಂದು ಚೂರು ಮಾತ್ರ. ಅದು ಏರಿನ ಚೂರೋ ಇಳಿಕೆಯ ಚೂರೋ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ನಿಮ್ಮ ಹಳದಿ ಚಿತ್ರ ಇಳಿಕೆಯಲ್ಲಿ ಸಿಕ್ಕಿದ್ದು. ಅದೃಷ್ಟವಶಾತ್ 80ಡಿಯಲ್ಲಿ ‘ಆ್ಯಂಟಿ ಫ್ಲಿಕರ್ ಶೂಟಿಂಗ್’ ಎಂಬ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ದೀಪ ಹೆಚ್ಚು ಬೆಳಗುವ ಕ್ಷಣಕ್ಕಾಗಿ ಕಾದು ಶಟರ್ ತೆರೆದುಕೊಳ್ಳುತ್ತದೆ. ಗುಂಡಿ ಒತ್ತುವುದಕ್ಕೂ ಚಿತ್ರ ಬರುವುದಕ್ಕೂ ನಡುವೆ ಕೂದಲೆಳೆಯಷ್ಟು ತಡವಾಗಬಹುದು, ಬರ್ಸ್ಟ್‌ನ ವೇಗವೂ ತುಸು ತಗ್ಗುತ್ತದೆ. ನೀವು ಹಗಲಿನಲ್ಲೇ ಚಿತ್ರ ತೆಗೆಯುವವರಾದ್ದರಿಂದ ಅದನ್ನು ಹುಡುಕುವ ಪ್ರಸಂಗವೇ ಬಂದಿರಲಿಕ್ಕಿಲ್ಲ.

ಎಕ್ಸ್‌ಪೋಶರನ್ನು, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಎಂಬುದನ್ನು, ಕ್ಯಾಮೆರಾಕ್ಕೆ ಬಿಡದೆ ಪೂರ್ತಿ ಮ್ಯಾನುಯಲ್‌ನಲ್ಲಿ ಇಡಿ. ಒಳಾಂಗಣದ ಬೆಳಕು ಪಂದ್ಯದುದ್ದಕ್ಕೂ ಬದಲಾಗುವುದಿಲ್ಲ, ಆದರೆ ಬಿಳಿ ಜೆರ್ಸಿ ಬಂದಾಗ ಒಂದು ಲೆಕ್ಕ, ಕಪ್ಪು ಜೆರ್ಸಿ ಬಂದಾಗ ಇನ್ನೊಂದು ಲೆಕ್ಕ ಮಾಡಿ ಕ್ಯಾಮೆರಾದೊಳಗಿನ ಬೆಳಕಿನ ಮೀಟರ್ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಆಟಗಾರರು ವಾರ್ಮ್ ಅಪ್ ಮಾಡುವಾಗ ಅವರ ಮುಖದ ಬಣ್ಣ ಸರಿ ಬರುವವರೆಗೆ ಹೊಂದಿಸಿಕೊಂಡು, ಆಮೇಲೆ ಆ ಚಕ್ರವನ್ನು ಮುಟ್ಟಬೇಡಿ. ಫೋಕಸ್ ಎಐ ಸರ್ವೋದಲ್ಲಿರಲಿ (ಚಲಿಸುವವರನ್ನು ಬಿಡದೆ ಹಿಂಬಾಲಿಸುವ ಬಗೆ), ಬಿಂದು ಎದೆಯ ಮೇಲಿನ ಅಂಕಿಯ ಮೇಲೆ ಕೂರಲಿ. ರೆಫರಿ ಅಡ್ಡ ಬಂದೊಡನೆ ಫೋಕಸ್ ಅವರ ಬೆನ್ನಿಗೆ ಹಾರದಂತೆ ಟ್ರ್ಯಾಕಿಂಗ್ ಸೆನ್ಸಿಟಿವಿಟಿಯನ್ನು -1ಕ್ಕೆ ಇಳಿಸಿ.

ಲೆನ್ಸಿನ ಮಾತು: ಸದ್ಯಕ್ಕೆ ಎಫ್/2.8 ಜೂಮ್ ಬೇಡ. ಕೊಳ್ಳಲೇಬೇಕೆಂದರೆ ಬಳಸಿದ 85 ಮಿ.ಮೀ. ಎಫ್/1.8 ಹುಡುಕಿ. ಎಫ್/5.6ಕ್ಕೆ ಹೋಲಿಸಿದರೆ ಎಫ್/1.8 ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಕೊಡುತ್ತದೆ. ನಿಮ್ಮ ಕ್ಯಾಮೆರಾದ ಮೇಲೆ 15 ಮೀಟರ್ ದೂರದಿಂದ ಅದನ್ನು ಲಂಬವಾಗಿ ಹಿಡಿದರೆ ಸುಮಾರು 4 ಮೀಟರ್ ಎತ್ತರ ಚೌಕಟ್ಟಿನೊಳಗೆ ಬರುತ್ತದೆ. ರಿಂಗ್ ಇರುವುದು 3.05 ಮೀಟರ್ ಎತ್ತರದಲ್ಲಿ, ಆದ್ದರಿಂದ ಆಟಗಾರನ ಪಾದದಿಂದ ಬಲೆಯವರೆಗೆ ಎಲ್ಲವೂ ಸಿಕ್ಕು ಮೇಲೊಂದಿಷ್ಟು ಜಾಗವೂ ಉಳಿಯುತ್ತದೆ. ಈ ಆಟಕ್ಕೆಂದೇ ಅಳತೆ ಕೊಟ್ಟು ಹೊಲಿಸಿದಂತಿದೆ.

ಬೇಸ್‌ಲೈನ್ (ಭದ್ರಾವತಿ) ಅವರ ಉತ್ತರ

ಮೇಲಿನವರು ಯಂತ್ರದ ಕಡೆಯಿಂದ ಹೇಳಿದ್ದಾರೆ. ಕಾಲೇಜು ದಿನಗಳಲ್ಲಿ ಆಡಿ, ಈಗ ಮಕ್ಕಳಿಗೆ ಕಲಿಸುತ್ತಿರುವ ನಾನು ಆಟದ ಕಡೆಯಿಂದ ಹೇಳುತ್ತೇನೆ. ನೀವು ಚೆಂಡಿನ ಹಿಂದೆ ಓಡಿದ್ದೀರಿ ಎಂಬುದು ನಿಮ್ಮ 340 ಚಿತ್ರಗಳ ಲೆಕ್ಕದಲ್ಲೇ ಗೊತ್ತಾಗುತ್ತದೆ. 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಗಳದಲ್ಲಿ ಪ್ರತಿ ದಾಳಿಗೂ 24 ಸೆಕೆಂಡಿನ ಗಡುವಿರುವ ಆಟವನ್ನು ಪ್ರೇಕ್ಷಕರ ಸಾಲಿನಿಂದ ಪೂರ್ತಿ ಹಿಡಿಯುತ್ತೇನೆಂದು ಹೊರಟರೆ ಯಾವುದೂ ಕೈಗೆ ಹತ್ತುವುದಿಲ್ಲ. ಅರ್ಧ ಅಂಗಳವನ್ನು ಬಿಟ್ಟುಕೊಡಿ. ನಿಮ್ಮಿಂದ ದೂರದ ರಿಂಗ್ 30 ಮೀಟರಿಗಿಂತ ಆಚೆ ಇರುತ್ತದೆ. ಆಟ ಅಲ್ಲಿಗೆ ಹೋದಾಗ ಕ್ಯಾಮೆರಾ ಕೆಳಗಿಟ್ಟು ಪಂದ್ಯ ನೋಡಿ. ಮಂಡಗದ್ದೆಯಲ್ಲಿ ಆಕಾಶದ ತುಂಬ ಕ್ಯಾಮೆರಾ ತಿರುಗಿಸುತ್ತೀರಾ, ಅಥವಾ ಒಂದು ಗೂಡನ್ನು ನೋಡಿಟ್ಟುಕೊಂಡು ಹಕ್ಕಿ ಬಂದು ಇಳಿಯುವುದನ್ನು ಕಾಯುತ್ತೀರಾ? ಇಲ್ಲಿ ರಿಂಗೇ ಗೂಡು, ಬರುವವರೆಲ್ಲ ಅಲ್ಲಿಗೇ ಬರಬೇಕು.

ಕುಳಿತುಕೊಳ್ಳುವ ಜಾಗ ಅಂಗಳದ ಮೂಲೆಯ ಕಡೆಗಿರಲಿ, ನೆಲದಿಂದ ನಾಲ್ಕನೆಯ ಅಥವಾ ಐದನೆಯ ಸಾಲಿನಲ್ಲಿರಲಿ. ಮೊದಲ ಸಾಲುಗಳಲ್ಲಿ ಬೆಂಚಿನವರು, ಸ್ಕೋರ್ ಮೇಜು, ನೀರಿನ ಬಾಟಲಿ ಹಿಡಿದು ಓಡಾಡುವವರು ಎಲ್ಲರೂ ಅಡ್ಡ ಬರುತ್ತಾರೆ. ತೀರಾ ಮೇಲಕ್ಕೆ ಹೋದರೆ ಆಟಗಾರರ ನೆತ್ತಿ ಮಾತ್ರ ಕಾಣುತ್ತದೆ. ಬೇಸ್‌ಲೈನಿನ (ರಿಂಗಿನ ಹಿಂದಿನ ಅಂಚುಗೆರೆ) ಹಿಂದೆ ನಟ್ಟನಡುವೆ ಕುಳಿತರೆ 1.80 ಮೀಟರ್ ಅಗಲದ ಬ್ಯಾಕ್‌ಬೋರ್ಡ್ ಗಾಜು ಮತ್ತು ಅದರ ಕಂಬ ನಿಮ್ಮ ಪಾಲಿಗೆ ಬರುತ್ತವೆ. ಮೂಲೆಯಿಂದಾದರೆ ರಿಂಗ್ ಕಡೆ ನುಗ್ಗುವವನ ಮುಖ ಸಿಗುತ್ತದೆ, ಅವನನ್ನು ತಡೆಯುವವನ ಕೈಯೂ ಸಿಗುತ್ತದೆ. ಮೂರನೆಯ ಕ್ವಾರ್ಟರಿಗೆ ತಂಡಗಳು ಬುಟ್ಟಿ ಬದಲಾಯಿಸುತ್ತವೆ ಎಂಬುದು ನೆನಪಿರಲಿ. ನಿಮ್ಮ ಮೆಚ್ಚಿನ ತಂಡ ಮೊದಲರ್ಧ ನಿಮ್ಮ ಕಡೆ ದಾಳಿ ಮಾಡಿದ್ದರೆ, ಆಮೇಲೆ ಅದೇ ಜಾಗದಲ್ಲಿ ಅವರ ರಕ್ಷಣೆಯ ಚಿತ್ರಗಳು ಸಿಗುತ್ತವೆ. ಅದೇನೂ ನಷ್ಟವಲ್ಲ; ಚೆಂಡನ್ನು ತಡೆಯಲು ಎಗರಿದವನ ಮುಖದಲ್ಲಿ ಕಾಣುವ ತೀವ್ರತೆ ಬುಟ್ಟಿಗೆ ಹಾಕುವವನ ಮುಖದಲ್ಲಿ ಎಷ್ಟೋ ಸಲ ಇರುವುದಿಲ್ಲ.

ಇನ್ನು ಗುಂಡಿ ಒತ್ತುವ ಹೊತ್ತು. ಆಟಗಾರ 60 ಸೆಂಟಿಮೀಟರ್ ಜಿಗಿದರೆ ನೆಲ ಬಿಟ್ಟಿರುವುದು ಸುಮಾರು 0.7 ಸೆಕೆಂಡ್. ಆ ಹೊತ್ತಿನ ಅರ್ಧವನ್ನು ಅವನು ಮೇಲಿನ 15 ಸೆಂಟಿಮೀಟರಿನಲ್ಲೇ ಕಳೆಯುತ್ತಾನೆ, ಅವನು ಗಾಳಿಯಲ್ಲಿ ತೂಗಿದಂತೆ ಕಾಣುವುದು ಅದಕ್ಕೇ. ಆ ಹೊತ್ತಿನಲ್ಲಿ ಅವನ ದೇಹ ಬಹುಮಟ್ಟಿಗೆ ನಿಶ್ಚಲ. ಸೆಕೆಂಡಿಗೆ 7 ಚಿತ್ರ ತೆಗೆಯುವ 80ಡಿಗೆ ಅಲ್ಲಿ ಸಿಗುವುದು ಎರಡು ಚಿತ್ರ, ಹೆಚ್ಚೆಂದರೆ ಮೂರು. ಆದ್ದರಿಂದ ಅವನು ಮೇಲೇರಿದ ಮೇಲೆ ಒತ್ತಿದರೆ ತಡವಾಯಿತು. ಮೊಣಕಾಲು ಬಾಗಿದಾಗಲೇ ಬೆರಳು ಭಾರವಾಗಬೇಕು. ಇದನ್ನು ಕಲಿಯಲು ಫ್ರೀ ಥ್ರೋಗಿಂತ (ಫೌಲ್ ಆದಾಗ ಯಾರೂ ತಡೆಯದೆ ಎಸೆಯಲು ಸಿಗುವ ಅವಕಾಶ) ಒಳ್ಳೆಯ ಪಾಠಶಾಲೆ ಇಲ್ಲ. ಆಟಗಾರ ಗೆರೆಯ ಹಿಂದೆ ನಿಂತು, ಚೆಂಡನ್ನು ತನ್ನ ರೂಢಿಯಂತೆ ಎರಡು ಸಲವೋ ಮೂರು ಸಲವೋ ನೆಲಕ್ಕೆ ಬಡಿದು, ಉಸಿರು ಬಿಟ್ಟು ಎಸೆಯುತ್ತಾನೆ. ಒಬ್ಬೊಬ್ಬನದೂ ಒಂದೊಂದು ಲಯ. ಮೊದಲ ಎಸೆತದಲ್ಲಿ ಅದನ್ನು ಎಣಿಸಿಕೊಂಡರೆ ಎರಡನೆಯದರಲ್ಲಿ ಚೆಂಡು ಬೆರಳ ತುದಿ ಬಿಡುವ ಗಳಿಗೆ ನಿಮ್ಮದಾಗುತ್ತದೆ.

ಒಂದು ಎಚ್ಚರಿಕೆ. ಬರ್ಸ್ಟನ್ನು ಸುಮ್ಮನೆ ಹರಿಯಬಿಡಬೇಡಿ. 2017ರ ಜುಲೈನಲ್ಲಿ ಮಹಿಳೆಯರ ಏಷ್ಯಾ ಕಪ್ ಬೆಂಗಳೂರಿನಲ್ಲಿ ನಡೆದಾಗ, ಭಾರತ ತಂಡ ಕಜಕಸ್ತಾನವನ್ನು 75-73ರಿಂದ ಸೋಲಿಸಿ ‘ಬಿ’ ವಿಭಾಗ ಗೆದ್ದ ಪಂದ್ಯಕ್ಕೆ ನಾನು ಹೋಗಿದ್ದೆ. ಎರಡೇ ಅಂಕದ ಅಂತರ. ಕೊನೆಯ ನಿಮಿಷದಲ್ಲಿ ಗಾಬರಿಯಿಂದ ಗುಂಡಿ ಒತ್ತಿ ಹಿಡಿದೇ ಇದ್ದುದರಿಂದ ಬಫರ್ (ಕಾರ್ಡಿಗೆ ಹೋಗುವ ಮುನ್ನ ಚಿತ್ರಗಳು ತಂಗುವ ಜಾಗ) ತುಂಬಿ, ಕೆಂಪು ದೀಪ ಉರಿಸಿಕೊಂಡು ಕ್ಯಾಮೆರಾ ಸುಮ್ಮನೆ ಕುಳಿತಿತು. ಗೆಲುವಿನ ಗಳಿಗೆ ನನ್ನ ಕಣ್ಣಲ್ಲಿದೆ, ಕಾರ್ಡಿನಲ್ಲಿಲ್ಲ.

ಕೊಡೆ ಮರೆತವ (ತೀರ್ಥಹಳ್ಳಿ) ಅವರ ಉತ್ತರ

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡರೂ ಬಾಗಿಲಲ್ಲಿ ತಡೆದರೆ ಏನು ಮಾಡುತ್ತೀರಿ? ವೃತ್ತಿಪರ ಪಂದ್ಯಗಳ ಟಿಕೆಟ್ ಷರತ್ತಿನಲ್ಲಿ ‘ವೃತ್ತಿಪರ ಕ್ಯಾಮೆರಾ ತರುವಂತಿಲ್ಲ’ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ, ಮತ್ತು ಲೆನ್ಸ್ ಬಿಚ್ಚಲು ಬರುವುದೆಲ್ಲ ವೃತ್ತಿಪರವೇ ಎಂಬುದು ಕಾವಲಿನವರ ವ್ಯಾಖ್ಯಾನ. ಒಮ್ಮೆ ಒಂದು ಊರಿನಲ್ಲಿ, ಆರು ಗಂಟೆ ಬಸ್ಸಿನಲ್ಲಿ ಕುಳಿತು ಹೋದ ನನ್ನ ಉದ್ದ ಲೆನ್ಸನ್ನು ಒಳಗೆ ಬಿಡಲಿಲ್ಲ, ಇಟ್ಟುಕೊಳ್ಳಲು ಲಾಕರೂ ಇರಲಿಲ್ಲ. ಎದುರಿನ ಜ್ಯೂಸ್ ಅಂಗಡಿಯವರು ಹಣ್ಣಿನ ಕ್ರೇಟಿನ ಹಿಂದೆ ಇಟ್ಟುಕೊಂಡರು. ಪಂದ್ಯದ ಉದ್ದಕ್ಕೂ ನನ್ನ ಜೀವ ಆ ಕ್ರೇಟಿನ ಹಿಂದೆಯೇ ಇತ್ತು. ಟಿಕೆಟ್ ಕೊಳ್ಳುವ ಮೊದಲೇ ಆಯೋಜಕರಿಗೆ ಇಮೇಲ್ ಬರೆದು, ಅನುಮತಿಯ ಉತ್ತರವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ಈ ಕಾರಣಕ್ಕಾಗಿಯೂ ಸಣ್ಣ 85 ಮಿ.ಮೀ. ಲೆನ್ಸ್ ಬಿಳಿ ಬಣ್ಣದ ದೊಡ್ಡ ಜೂಮಿಗಿಂತ ಮೇಲು. ಅನುಮತಿ ಸಿಕ್ಕರೂ ಆ ಚಿತ್ರಗಳನ್ನು ಮಾರುವ ಹಕ್ಕು ಅದರ ಜೊತೆಗೆ ಬರುವುದಿಲ್ಲ.

ಫ್ಲ್ಯಾಶನ್ನು ಮಾತ್ರ ಹಚ್ಚಲೇಬೇಡಿ. ಅದು ಅಂಗಳವನ್ನು ತಲುಪುವಷ್ಟರಲ್ಲಿ ಸೋತು, ಮುಂದಿನ ಸಾಲಿನವರ ತಲೆಗಳನ್ನಷ್ಟೇ ಬೆಳಗಿಸುತ್ತದೆ. ಫ್ರೀ ಥ್ರೋ ಎಸೆಯುವವನ ಕಣ್ಣಿಗೂ ಕಿರಿಕಿರಿ. ಅಮೆರಿಕದ ಎನ್‌ಬಿಎ ಪಂದ್ಯಗಳ ಹೊಳೆಯುವ ಚಿತ್ರಗಳನ್ನು ನೋಡಿ ಆಸೆಪಡುವವರಿಗೂ ಒಂದು ಮಾತು: ಅವುಗಳಲ್ಲಿ ಎಷ್ಟೋ ಚಿತ್ರಗಳಿಗೆ ಬೆಳಕು ಬರುವುದು ಚಾವಣಿಯಲ್ಲಿ ಮೊದಲೇ ಕಟ್ಟಿಟ್ಟು ರೇಡಿಯೊ ಸಂಕೇತದಿಂದ ಮಿಂಚಿಸುವ ದೊಡ್ಡ ಫ್ಲ್ಯಾಶ್‌ಗಳಿಂದ.

ಬೇಸ್‌ಲೈನ್ ಅವರ ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಆಟ ದೂರದ ತುದಿಗೆ ಹೋದಾಗ ಕ್ಯಾಮೆರಾ ಕೆಳಗಿಡಬೇಕಿಲ್ಲ, ಹತ್ತಿರದ ಬೆಂಚಿನ ಕಡೆ ತಿರುಗಿಸಬಹುದು. ಐದನೆಯ ಫೌಲ್ ಆಗಿ ಹೊರಬಂದ ಆಟಗಾರ ತಲೆಯ ಮೇಲೆ ಟವೆಲ್ ಎಳೆದುಕೊಂಡು ಕುಳಿತ ಚಿತ್ರಕ್ಕೆ 1/1000 ಸೆಕೆಂಡೂ ಬೇಡ, ಎಫ್/1.8 ಕೂಡ ಬೇಡ. ಟೈಮ್ ಔಟ್‌ನ ಒಂದು ನಿಮಿಷದಲ್ಲಿ ಕೋಚ್ ಸುತ್ತ ಬಾಗಿದ ತಲೆಗಳು ನಿಮ್ಮ ಜೂಮಿಗೇ ಹೇಳಿ ಮಾಡಿಸಿದ್ದು.

ನಡುಗಡ್ಡೆ ಅವರ ಮರುಮಾತು

ಮೂವರಿಗೂ ಕೃತಜ್ಞತೆಗಳು. ಬೆಂಗಳೂರಿಗೆ ಹೋಗುವ ಮೊದಲು ಇಲ್ಲೇ ಪರೀಕ್ಷಿಸೋಣವೆಂದು, ನಿನ್ನೆ ಸಂಜೆ ಊರಿನ ಒಳಾಂಗಣವೊಂದರಲ್ಲಿ ಹುಡುಗರ ಅಭ್ಯಾಸ ಪಂದ್ಯಕ್ಕೆ ಕೇಳಿಕೊಂಡು ಹೋಗಿದ್ದೆ. ತಗಡಿನ ಚಾವಣಿಯ ಮೇಲೆ ಮಳೆ ಎಷ್ಟು ಜೋರಾಗಿತ್ತೆಂದರೆ ರೆಫರಿಯ ಸೀಟಿಯೇ ಕೇಳಿಸದೆ ಹುಡುಗರು ಆಡುತ್ತಲೇ ಇದ್ದರು. ಜೂಮ್ ಹಾಕಿದರೆ 80ಡಿಯ ಸಾಧಾರಣ ಮಿತಿಯಾದ ಐಎಸ್‌ಒ 16000ಕ್ಕೂ ಬೆಳಕು ಸಾಲಲಿಲ್ಲ. 50 ಮಿ.ಮೀ. ಹಾಕಿ, ಎಫ್/2, 1/640, ಐಎಸ್‌ಒ 2500ಕ್ಕೆ ನಿಲ್ಲಿಸಿ, ಆ್ಯಂಟಿ ಫ್ಲಿಕರ್ ಆನ್ ಮಾಡಿ, ಒಂದೇ ರಿಂಗಿನ ಮೂಲೆಯಲ್ಲಿ ಕುಳಿತೆ. ಬಣ್ಣದ ಕುಣಿತ ಸಂಪೂರ್ಣ ನಿಂತಿತು. 118 ಚಿತ್ರಗಳಲ್ಲಿ 19 ಉಳಿದವು. ಒಂದರಲ್ಲಿ ಲೇ ಅಪ್‌ಗೆ (ಓಡಿ ಬಂದು ರಿಂಗಿನ ಹತ್ತಿರದಿಂದ ಚೆಂಡು ಹಾಕುವುದು) ಜಿಗಿದ ಹುಡುಗನ ಬಿಚ್ಚಿದ ಶೂ ಲೇಸ್ ಗಾಳಿಯಲ್ಲಿ ನೆಟ್ಟಗೆ ನಿಂತಿದೆ, ಚೆಂಡಿನ ಮೇಲಿನ ಗುಳ್ಳೆಗಳನ್ನೂ ಎಣಿಸಬಹುದು. ಆದರೆ ಫೋಕಸ್ ಚೆಂಡಿನ ಮೇಲೆ ಕೂತು, ಹುಡುಗನ ಕಣ್ಣು ತುಸು ಮಸುಕಾಗಿದೆ. ಇದಕ್ಕೇನು ಮಾಡಲಿ?

ಅಡಿಕೆ ಚಪ್ಪರ ಅವರ ಉತ್ತರ

ಎಲ್ಲ 45 ಫೋಕಸ್ ಬಿಂದುಗಳನ್ನೂ ತೆರೆದಿಟ್ಟಿರಬೇಕು. ಆಗ ಕ್ಯಾಮೆರಾ ಸಾಮಾನ್ಯವಾಗಿ ತನಗೆ ಹತ್ತಿರವಾದದ್ದನ್ನು ಹಿಡಿಯುತ್ತದೆ, ನಿಮ್ಮತ್ತ ಚಾಚಿದ ಕೈಯಲ್ಲಿರುವ ಚೆಂಡೇ ಅದಕ್ಕೆ ಹತ್ತಿರ. ಒಂದೇ ಬಿಂದುವನ್ನು ಆರಿಸಿಕೊಂಡು, ಲಂಬ ಚೌಕಟ್ಟಿನಲ್ಲಿ ಮಧ್ಯಕ್ಕಿಂತ ಒಂದು ಮನೆ ಮೇಲಿಟ್ಟು, ಆಟಗಾರ ಓಡಿ ಬರುವಾಗಿನಿಂದಲೇ ಎದೆಯ ಅಂಕಿಯ ಮೇಲೆ ಹಿಡಿದುಕೊಂಡು ಬನ್ನಿ. ಇನ್ನೊಂದು ವಿಷಯ: ಮಳೆಯಲ್ಲಿ ಹೋಗಿ ಬಂದ ಕ್ಯಾಮೆರಾವನ್ನು ಚೀಲದಲ್ಲೇ ಬಿಡಬೇಡಿ. ಒರೆಸಿ, ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಗೆ ಹಾಕಿಡಿ. ನಮ್ಮ ಕಡೆಯ ಆಷಾಢದಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ.